ಬಣ್ಣ ಬದಲಾವಣೆಯ ಲ್ಯಾಂಪ್ ಪರೀಕ್ಷೆ: ದ್ರವ ಗುಲಾಬಿಯಾಗಿಯೇ ಉಳಿದರೆ ಹಂದಿಗೆ ಸೋಂಕಿಲ್ಲವೆಂದು ನಂಬಬಹುದೇ?

ಪ್ರಶ್ನೆ

ಹಂದಿ ಸಾಕಣೆ ಕೇಂದ್ರವೊಂದರ ಆರೋಗ್ಯ ನಿರ್ವಹಣೆ ನನ್ನ ಹೊಣೆ. ಆಫ್ರಿಕನ್ ಹಂದಿ ಜ್ವರವನ್ನು ಸ್ಥಳದಲ್ಲಿಯೇ ಪತ್ತೆಹಚ್ಚುವ ಲ್ಯಾಂಪ್ (LAMP, ಅಂದರೆ ಒಂದೇ ಮಟ್ಟದ ಶಾಖದಲ್ಲಿ ವೈರಸ್ಸಿನ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆಹಚ್ಚುವ ವಿಧಾನ) ಕಿಟ್ ಕೊಳ್ಳುವ ಆಲೋಚನೆಯಿದೆ. ಟ್ಯೂಬನ್ನು 65 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಅರ್ಧ ಗಂಟೆ ಇಟ್ಟಾಗ, ಮಾದರಿಯಲ್ಲಿ ವೈರಸ್ ಇದ್ದರೆ ಗುಲಾಬಿ ದ್ರವ ಹಳದಿಯಾಗುತ್ತದೆ ಎಂದು ಕೈಪಿಡಿ ಹೇಳುತ್ತದೆ. ರಕ್ತವನ್ನು ನೇರವಾಗಿ ಹಾಕಬಹುದೇ? ಬಣ್ಣ ಬದಲಾಗದಿದ್ದರೆ ಆ ಹಂದಿಯನ್ನು ಮತ್ತೆ ಗುಂಪಿಗೆ ಸೇರಿಸಬಹುದೇ?

ಮೊದಲ ಉತ್ತರ

ಬಣ್ಣ ಏಕೆ ಬದಲಾಗುತ್ತದೆ ಎಂಬುದು ತಿಳಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ. ಟ್ಯೂಬಿನಲ್ಲಿರುವ ಕಿಣ್ವವು ವೈರಸ್ಸಿನ ಡಿಎನ್‌ಎ ತುಣುಕನ್ನು ಪ್ರತಿಮಾಡುತ್ತಾ ಹೋದಂತೆ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗಿ ದ್ರವ ಆಮ್ಲೀಯವಾಗುತ್ತದೆ, ಅದನ್ನು ಫೀನಾಲ್ ರೆಡ್ ಎಂಬ ಸೂಚಕ ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಅಂದರೆ ನಮ್ಮ ಕಣ್ಣಿಗೆ ಕಾಣುವುದು ವೈರಸ್ ಅಲ್ಲ, ಆಮ್ಲೀಯತೆ. ರಕ್ತಕ್ಕೆ ಆಮ್ಲವನ್ನು ತಡೆದುಕೊಳ್ಳುವ ಸ್ವಭಾವವಿರುವುದರಿಂದ, ಹೆಚ್ಚು ರಕ್ತ ಹಾಕಿದರೆ ವೈರಸ್ ಇದ್ದರೂ ಬಣ್ಣ ಬದಲಾಗದೆ ಉಳಿಯಬಹುದು. ರಕ್ತದ ಕೆಂಪು ಬಣ್ಣವೂ ಫಲಿತಾಂಶವನ್ನು ಮರೆಮಾಡುತ್ತದೆ. ಮಾದರಿಯೇ ಆಮ್ಲೀಯವಾಗಿದ್ದರೆ ವೈರಸ್ ಇಲ್ಲದೆಯೂ ಹಳದಿ ಬರುತ್ತದೆ. ಆದ್ದರಿಂದ ಕಿಟ್ ತಯಾರಕರು ಸೂಚಿಸಿದ ವಿಧಾನದಲ್ಲಿಯೇ ಡಿಎನ್‌ಎ ಬೇರ್ಪಡಿಸಿ ಹಾಕಿ. ರಕ್ತ ಸಂಗ್ರಹಿಸಲು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬನ್ನು ಬಳಸುವುದು ಒಳ್ಳೆಯದು, ಏಕೆಂದರೆ ಇದೇ ಕೆಲಸಕ್ಕೆ ಬಳಸುವ ಹೆಪಾರಿನ್ ಇಂತಹ ಕಿಣ್ವಗಳ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಹೈಡ್ರಾಕ್ಸಿನ್ಯಾಫ್ತಾಲ್ ಬ್ಲೂ ಎಂಬ ಬೇರೊಂದು ಸೂಚಕ ಬಳಸುವ ಕಿಟ್‌ಗಳೂ ಇವೆ. ಅವು ಆಮ್ಲೀಯತೆಯನ್ನಲ್ಲ, ಮೆಗ್ನೀಸಿಯಮ್ ಕಡಿಮೆಯಾಗುವುದನ್ನು ಗುರುತಿಸುತ್ತವೆ. ಆದರೆ ಅಲ್ಲಿ ನೇರಳೆಯಿಂದ ತಿಳಿನೀಲಿಗೆ ಆಗುವ ಬದಲಾವಣೆಯನ್ನು ಮಂದ ಬೆಳಕಿನಲ್ಲಿ ಗುರುತಿಸುವುದು ಕಷ್ಟವೆಂದು ನನಗನಿಸುತ್ತದೆ.

ಎರಡನೆಯ ಉತ್ತರ

ನಾನು ಪಶುವೈದ್ಯ. ಬಣ್ಣ ಬದಲಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಜ್ವರವಿರುವ ಹಂದಿಯನ್ನು ದಯವಿಟ್ಟು ಗುಂಪಿಗೆ ಸೇರಿಸಬೇಡಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಪತ್ತೆಯಾಗುವಷ್ಟು ಇರುವುದಿಲ್ಲ. ತೀವ್ರ ಜ್ವರ ಬಂದಾಗ ಹೇರಳವಾಗಿರುತ್ತದೆ. ಆದ್ದರಿಂದ ಕಾಯಿಲೆ ಬಿದ್ದ ಅಥವಾ ಆಗಷ್ಟೇ ಸತ್ತ ಹಂದಿಯ ಮಾದರಿಯಲ್ಲಿ ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಇನ್ನೊಂದು ವಿಷಯವೂ ಇದೆ. ಆಫ್ರಿಕನ್ ಹಂದಿ ಜ್ವರವನ್ನೂ ಕ್ಲಾಸಿಕಲ್ ಹಂದಿ ಜ್ವರವನ್ನೂ ಲಕ್ಷಣಗಳಿಂದಷ್ಟೇ ಬೇರ್ಪಡಿಸಲಾಗದು, ಆದರೆ ಎರಡರ ವೈರಸ್‌ಗಳಿಗೂ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಡಿಎನ್‌ಎ ವೈರಸ್, ಎರಡನೆಯದು ಆರ್‌ಎನ್‌ಎ ವೈರಸ್. ಒಂದಕ್ಕಾಗಿ ರೂಪಿಸಿದ ಕಿಟ್ ಇನ್ನೊಂದನ್ನು ಗುರುತಿಸುವುದೇ ಇಲ್ಲ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಧನ್ಯವಾದಗಳು. ಹಾಗಾದರೆ ಆರೋಗ್ಯವಾಗಿ ಕಾಣುವ ಹಂದಿಗಳನ್ನೆಲ್ಲ ಆಗಾಗ ಪರೀಕ್ಷಿಸುತ್ತಿದ್ದರೆ ಪ್ರಯೋಜನವಾದೀತೇ?

ಎರಡನೆಯ ಉತ್ತರ ಬರೆದವರು

ಒಂದು ಲೆಕ್ಕ ಹಾಕಿ ನೋಡೋಣ. 1000 ಹಂದಿಗಳಲ್ಲಿ 10ಕ್ಕೆ ಸೋಂಕಿದೆ ಎಂದೂ, ಆರೋಗ್ಯವಂತ ಹಂದಿಗಳಲ್ಲಿ ನೂರಕ್ಕೆ ಎರಡರಲ್ಲಿ ಪರೀಕ್ಷೆ ತಪ್ಪಾಗಿ ಹಳದಿ ತೋರಿಸುತ್ತದೆ ಎಂದೂ ಇಟ್ಟುಕೊಳ್ಳಿ. ಸೋಂಕಿರುವ ಹತ್ತನ್ನೂ ಅದು ಹಿಡಿದರೂ, ಉಳಿದ 990ರಲ್ಲಿ ಸುಮಾರು 20 ಹಂದಿಗಳ ಟ್ಯೂಬುಗಳು ಹಳದಿಯಾಗುತ್ತವೆ. ಅಂದರೆ ಹಳದಿಯಾದ ಪ್ರತಿ ಮೂರರಲ್ಲಿ ಎರಡು ಸುಳ್ಳು. ಕಾಯಿಲೆಯ ಹಂದಿಗಳನ್ನಷ್ಟೇ ಆರಿಸಿ ಪರೀಕ್ಷಿಸಿದರೆ ಈ ಪ್ರಮಾಣ ಪೂರ್ತಿ ಬೇರೆಯಾಗುತ್ತದೆ. ಹಳದಿ ಬಂದ ಕೂಡಲೇ ಪ್ರಾಣಿಗಳ ಹಾಗೂ ಜನರ ಓಡಾಟ ನಿಲ್ಲಿಸಿ, ಪಶುವೈದ್ಯಕೀಯ ಅಧಿಕಾರಿಗಳಿಗೆ ತಿಳಿಸಿ, ವೈರಸ್ಸಿನ ಡಿಎನ್‌ಎಯನ್ನು ಪತ್ತೆಹಚ್ಚುವ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ಗುಲಾಬಿಯೇ ಉಳಿದರೂ ಲಕ್ಷಣಗಳಿದ್ದರೆ ಹಂದಿಯನ್ನು ಪ್ರತ್ಯೇಕವಾಗಿಯೇ ಇಟ್ಟು ಮಾದರಿಯನ್ನು ಕಳುಹಿಸಿ.

ಮೊದಲ ಉತ್ತರ ಬರೆದವರು

ಪ್ರತಿ ಸಲವೂ ವೈರಸ್ ಇದೆಯೆಂದು ಖಚಿತವಾಗಿರುವ ಒಂದು ಟ್ಯೂಬನ್ನೂ ಬರಿಯ ನೀರಿನ ಒಂದು ಟ್ಯೂಬನ್ನೂ ಜೊತೆಗಿಡಿ. ನೀರಿನ ಟ್ಯೂಬ್ ಹಳದಿಯಾದರೆ ಆ ಸರದಿಯ ಯಾವ ಫಲಿತಾಂಶವನ್ನೂ ನಂಬಬೇಡಿ. ನಿಗದಿತ ಸಮಯಕ್ಕಿಂತ ಹೆಚ್ಚು ಹೊತ್ತು ಕಾಯಿಸುವುದೂ ಸುಳ್ಳು ಹಳದಿಗೆ ಕಾರಣವಾಗುತ್ತದೆ. ಮುಗಿದ ಟ್ಯೂಬನ್ನು ಎಂದಿಗೂ ತೆರೆಯಬೇಡಿ. ಅದರೊಳಗೆ ಕೋಟ್ಯಂತರ ಡಿಎನ್‌ಎ ಪ್ರತಿಗಳಿರುತ್ತವೆ, ಅವು ಗಾಳಿಗೆ ಸೇರಿದರೆ ಮುಂದಿನ ಪರೀಕ್ಷೆಗಳೆಲ್ಲ ಕೆಡುತ್ತವೆ.