ವೀಕ್ಷಣಾ ಬಾವಿಯ ನೀರಲ್ಲಿ ಕ್ರೋಮಿಯಂ: ಪ್ರತಿಸಲ ಅಂಕಿ ಏಕೆ ಬದಲಾಗುತ್ತೆ?

ಪ್ರಶ್ನೆ:
ಪೀಣ್ಯದ ಕಡೆ, ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಘಟಕಗಳ ನಡುವೆ ಅಂತರ್ಜಲ ಪರೀಕ್ಷೆಗೆಂದು ಕೊರೆದ ವೀಕ್ಷಣಾ ಬಾವಿ. ಪೈಪಿನ ಒಳವ್ಯಾಸ 100 ಮಿ.ಮೀ., ಆಳ 30 ಮೀಟರ್, ನೀರಿನ ಮಟ್ಟ ಮೇಲಿನಿಂದ 12 ಮೀಟರ್ ಕೆಳಗೆ. ಬೇಲರ್ (ಹಗ್ಗಕ್ಕೆ ಕಟ್ಟಿದ ಕೊಳವೆಯಂಥ ಪಾತ್ರೆ) ಇಳಿಸಿ ನೀರೆತ್ತಿ, ಅಲ್ಲೇ ನೈಟ್ರಿಕ್ ಆಮ್ಲ ಹಾಕಿ ಲ್ಯಾಬಿಗೆ ಕಳಿಸುತ್ತೇವೆ. ಒಟ್ಟು ಕ್ರೋಮಿಯಂ, ಕಬ್ಬಿಣ ಎರಡೂ ಒಂದು ಸಲ ವಿಪರೀತ, ಇನ್ನೊಂದು ಸಲ ತೀರಾ ಕಮ್ಮಿ. ಹೆಕ್ಸಾವಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಮಾತ್ರ ಯಾವಾಗಲೂ ಇಲ್ಲ ಅಂತಲೇ ವರದಿ. ನೀರು ನೋಡಿದರೆ ಹಳದಿ.

ಉತ್ತರ 1:
ಬೇಲರ್ ದಪ್ಪೆಂದು ಬಿದ್ದರೆ ತಳದ ಹೂಳೆಲ್ಲ ಏಳುತ್ತೆ. ಆ ಬಗ್ಗಡಕ್ಕೆ ಆಮ್ಲ ಹಾಕಿದರೆ ಮಣ್ಣಿನ ಕಣಗಳಿಗೆ ಅಂಟಿದ್ದ ಕಬ್ಬಿಣ, ಕ್ರೋಮಿಯಂ ಕರಗಿ ಲೆಕ್ಕಕ್ಕೆ ಸೇರುತ್ತವೆ. ಕರಗಿದ ಲೋಹ ಬೇಕಿದ್ದರೆ ಮೊದಲು 0.45 ಮೈಕ್ರಾನ್ ಫಿಲ್ಟರ್, ಆಮೇಲೆ ಆಮ್ಲ, ಪಿಎಚ್ 2ಕ್ಕಿಂತ ಕೆಳಗೆ. ಈ ಕ್ರಮ ತಿರುಗಬಾರದು. ಒಟ್ಟು ಲೋಹ ಕೇಳಿದ್ದರೆ ಶೋಧಿಸದ ಇನ್ನೊಂದು ಬಾಟಲಿ ಕೊಡಿ, ಕಲಕು ಎಷ್ಟಿತ್ತೆಂದು ಬರೆದಿಡಿ.

ಉತ್ತರ 2:
ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಹಾಕುತ್ತೀರಾ? 100 ಮಿ.ಮೀ. ಪೈಪಿನಲ್ಲಿ ಮೀಟರಿಗೆ 7.85 ಲೀಟರ್, ನಿಮ್ಮ ಬಾವಿಯಲ್ಲಿ ನಿಂತ 18 ಮೀಟರ್ ನೀರಿಗೆ 141, ರೂಢಿಯಂತೆ ಅದರ ಮೂರು ಪಟ್ಟು ಹೊರಹಾಕಿದರೆ ಸುಮಾರು 424 ಲೀಟರ್. ಕ್ರೋಮಿಯಂ ಇರಬಹುದಾದ ಆ ನೀರನ್ನು ಮೋರಿಗೆ ಬಿಡುವಂತಿಲ್ಲ, ಡ್ರಮ್ಮಿಗೆ ತುಂಬಬೇಕು. ಅದಕ್ಕೇ ನಿಧಾನ ಪಂಪಿಂಗ್ ಒಳ್ಳೆಯದು: ಬ್ಲಾಡರ್ ಪಂಪನ್ನು (ಗಾಳಿಯ ಒತ್ತಡದಿಂದ ಚೀಲ ಹಿಂಡಿ ನೀರೆತ್ತುವ ಪಂಪು) ಸ್ಲಾಟ್ ಪೈಪಿನ, ಅಂದರೆ ನೀರು ಒಳಬರುವ ಸೀಳುಗಳಿರುವ ಭಾಗದ, ಮಧ್ಯಕ್ಕೆ ಇಳಿಸಿ, ನಿಮಿಷಕ್ಕೆ 100ರಿಂದ 500 ಮಿ.ಲೀ. ಮಾತ್ರ ಎತ್ತಿ. ನೀರಿನ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಇಳಿದರೆ ವೇಗ ತಗ್ಗಿಸಿ. ಐದೈದು ನಿಮಿಷಕ್ಕೆ ಅಳೆಯಿರಿ. ಸತತ ಮೂರು ಅಳತೆಯಲ್ಲಿ ಪಿಎಚ್ 0.1ರೊಳಗೆ, ಇಸಿ (ವಿದ್ಯುತ್ ವಾಹಕತೆ) ಶೇ. 3ರೊಳಗೆ ನಿಂತು ಕಲಕು 10 ಎನ್‌ಟಿಯು (ಕಲಕಿನ ಅಳತೆಯ ಮಾನ) ಕೆಳಗಿಳಿದ ಮೇಲೆ ಬಾಟಲಿ ಹಿಡಿಯಿರಿ.

ಉತ್ತರ 3:
ಹೆಕ್ಸಾವಲೆಂಟ್ ಮಾಯವಾಗುವುದು ಆ ಆಮ್ಲದಿಂದಲೇ. ಆಮ್ಲದಲ್ಲಿ ಅದು ಫೆರಸ್ ಕಬ್ಬಿಣ, ಸಾವಯವ ಅಂಶಗಳ ಜೊತೆ ವರ್ತಿಸಿ ಟ್ರೈವಲೆಂಟ್ ಎಂಬ ಕ್ರೋಮಿಯಂನ ಇನ್ನೊಂದು ರೂಪ ಆಗಿಬಿಡುತ್ತೆ. ಇದಕ್ಕೆ ಬೇರೆಯೇ ಬಾಟಲಿ ಬೇಕು: ಶೋಧಿಸಿ, ಅಮೋನಿಯಂ ಸಲ್ಫೇಟ್ ಬಫರ್‌ನಿಂದ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಪಿಎಚ್ 9.3–9.7ಕ್ಕೆ ತಂದು, ಐಸ್ ಪೆಟ್ಟಿಗೆಯಲ್ಲಿಟ್ಟರೆ 28 ದಿನ ತಡೆಯುತ್ತೆ. ಬಫರ್ ಇಲ್ಲದಿದ್ದರೆ 24 ಗಂಟೆಯೊಳಗೆ ಪರೀಕ್ಷೆ ಮುಗಿಯಲೇಬೇಕು. ಶೋಧಿಸಿದ ಮೇಲೂ ಹಳದಿ ಉಳಿದರೆ ಕ್ರೋಮೇಟ್ (ನೀರಿನಲ್ಲಿ ಕರಗಿದ ಹೆಕ್ಸಾವಲೆಂಟ್ ಕ್ರೋಮಿಯಂ) ಇರುವ ಅನುಮಾನ ಬಲವಾದದ್ದು, ಕೈಗವಸು ಬಿಡಬೇಡಿ.

ಪ್ರಶ್ನೆ ಕೇಳಿದವರು:
ನಿಧಾನವಾಗಿ ಎತ್ತಿದರೂ ಬಾವಿ ಬರಿದಾದರೆ?

ಉತ್ತರ 2:
ಬಂಡೆಯ ಮೇಲಿನ ಶಿಥಿಲ ಪದರದಲ್ಲಿ ಒಸರು ಕಮ್ಮಿ, ಹಾಗಾಗೋದುಂಟು. ಸಾಕಷ್ಟು ನೀರು ತುಂಬಿಕೊಂಡ ಕೂಡಲೇ, 24 ಗಂಟೆ ಮೀರದಂತೆ ಮಾದರಿ ತೆಗೆಯಿರಿ. ಬರಿದಾಗಿತ್ತು ಅನ್ನೋದನ್ನು ಲ್ಯಾಬಿನ ಚೀಟಿಯಲ್ಲೂ ನಮೂದಿಸಿ.