ವೆಲ್ಡಿಂಗ್ ಕೈಗವಸಿಗೆ ಯಾವ ಚರ್ಮ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯ ತಾರಿಹಾಳದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ತಯಾರಿಸುವ ಸಣ್ಣ ಶೆಡ್ ನಮ್ಮದು. ನೋಡಲು ಒಂದೇ ತರಹದ ಚರ್ಮದ ಕೈಗವಸು, ಬೆಲೆ ಮಾತ್ರ ಒಂದಕ್ಕೆ ಎರಡು. ಅಗ್ಗದ್ದು ತಿಂಗಳು ತುಂಬುವ ಮೊದಲೇ ಹೆಬ್ಬೆರಳಿನ ಬುಡದಲ್ಲಿ ಬಾಯಿ ಬಿಡುತ್ತದೆ. ದುಬಾರಿಯದನ್ನೇ ಕೊಳ್ಳಬೇಕೇ?

ಉತ್ತರ: ಬಾಯಿ ಬಿಟ್ಟ ಜಾಗವನ್ನು ಮೊದಲು ನೋಡಿ. ಹರಿದದ್ದು ಚರ್ಮವೋ, ಬಿಚ್ಚಿಕೊಂಡದ್ದು ಹೊಲಿಗೆಯೋ? ಎಷ್ಟೋ ಸಲ ಚರ್ಮ ಗಟ್ಟಿಯಾಗಿಯೇ ಇರುತ್ತದೆ, ಕಿಡಿ ಬಿದ್ದು ದಾರ ಸುಟ್ಟಿರುತ್ತದೆ. ಕೆವ್ಲಾರ್ ಎಂಬ, ಶಾಖ ತಡೆಯುವ ಗಟ್ಟಿ ದಾರದ ಹೊಲಿಗೆ, ಅದನ್ನು ಮುಚ್ಚುವ ಚರ್ಮದ ಪಟ್ಟಿ, ಇವೆರಡಿದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಚರ್ಮ. ದನ, ಎಮ್ಮೆಯ ದಪ್ಪ ತೊಗಲನ್ನು ಯಂತ್ರದಲ್ಲಿ ಪದರವಾಗಿ ಸೀಳುತ್ತಾರೆ. ಕೂದಲಿದ್ದ ಮೇಲ್ಪದರ ಗ್ರೇನ್. ನುಣುಪು, ಬೆರಳಿನೊಂದಿಗೆ ಬಗ್ಗುತ್ತದೆ. ಒಳಪದರ ಸ್ಪ್ಲಿಟ್, ಎರಡೂ ಬದಿಯಲ್ಲಿ ಎಳೆ ಎದ್ದಿರುತ್ತದೆ. ರಾಡ್ ವೆಲ್ಡಿಂಗಿಗೆ ದಪ್ಪ ಸ್ಪ್ಲಿಟ್ಟೇ ಸರಿ. ಅದರಲ್ಲೂ ಪಕ್ಕೆಯದು ಬಿಗಿ, ಭುಜದ್ದು ಮೆದು. ಹೊಟ್ಟೆಯದು ಸಡಿಲ, ಒಂದೆಡೆ ದಪ್ಪ ಒಂದೆಡೆ ತೆಳು. ಅಗ್ಗದ ಮಾಲಿನ ಗುಟ್ಟು ಬಹುಮಟ್ಟಿಗೆ ಇದೇ. ಅಂಗಡಿಯಲ್ಲಿ ಅಂಗೈ ಭಾಗವನ್ನು ಎರಡು ಬೆರಳ ನಡುವೆ ಹಿಡಿದು ಸರಿಸುತ್ತಾ ಹೋಗಿ. ದಪ್ಪ ಏರಿಳಿದರೆ ಅಲ್ಲೇ ಬಿಟ್ಟು ಬನ್ನಿ, ಅಂಗಡಿಯವರು ಏನೇ ಹೇಳಲಿ.

ಪ್ರಶ್ನೆ: ಆರ್ಗಾನ್ ವೆಲ್ಡಿಂಗ್ ಮಾಡುವ ಹುಡುಗ ಇದನ್ನು ಹಾಕಿಕೊಳ್ಳುವುದೇ ಇಲ್ಲ ಸರ್. ಬರಿಗೈ!

ಉತ್ತರ: ಆ ದಪ್ಪದಲ್ಲಿ ಫಿಲ್ಲರ್ ತಂತಿಯನ್ನು (ಕರಗಿ ಬೆಸುಗೆ ತುಂಬುವ ತಂತಿ) ಬೆರಳಿನಿಂದ ತಳ್ಳಲು ಯಾರಿಗೂ ಆಗದು, ಅವನನ್ನು ಬೈಯಬೇಡಿ. ಆಡಿನ ಗ್ರೇನ್ ಚರ್ಮದ್ದು ಕೊಡಿಸಿ, ತೆಳುವಾದರೂ ತಾಳಿಕೆಯದು. ಕುರಿಯದು ಇನ್ನೂ ಮೆದು, ಆದರೆ ಬೇಗ ಹರಿಯುತ್ತದೆ. ಯುರೋಪಿನ ಇಎನ್ 12477 ಮಾನಕವೂ ವೆಲ್ಡಿಂಗ್ ಕೈಗವಸನ್ನು ಎರಡಾಗಿ ವಿಂಗಡಿಸುತ್ತದೆ: 'ಎ' ಹೆಚ್ಚು ರಕ್ಷಣೆಗೆ, 'ಬಿ' ಬೆರಳು ಸಲೀಸಾಗಿ ಆಡಲು. ಬರಿಗೈ ಮಾತ್ರ ಬೇಡ. ವೆಲ್ಡಿಂಗ್ ಬೆಳಕಿನ (ಆರ್ಕಿನ) ನೇರಳಾತೀತ ಕಿರಣ ಕಿಡಿಯಿಲ್ಲದೆಯೂ ಕೈಯ ಚರ್ಮ ಸುಡುತ್ತದೆ.

ಗದಗದಿಂದ ಇನ್ನೊಬ್ಬರು: ಕೈಗವಸು ಕಾದಾಗ ನಮ್ಮವರು ನೀರಿನಲ್ಲಿ ಅದ್ದುತ್ತಾರೆ. ಸರಿಯೇ?

ಉತ್ತರ: ಖಂಡಿತ ಬೇಡ. ಒದ್ದೆ ಚರ್ಮದಲ್ಲಿ ಶಾಖ ಬೇಗ ಒಳಗಿಳಿಯುತ್ತದೆ, ನೀರು ಹಬೆಯಾಗಿ ಕೈ ಬೇಯಿಸುತ್ತದೆ. ಶಾಕ್ ಹೊಡೆಯುವ ಅಪಾಯ ಬೇರೆ. ಒಣಗಿದ ಮೇಲೆ ಅದು ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಕಾದ ಕಬ್ಬಿಣ ಎತ್ತಲು ಇಕ್ಕಳ ಬಳಸಿ. ಹಾಗೆಯೇ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತಾಗ ಎಂಥ ಕೈಗವಸಿದ್ದರೂ ಕಳಚಿಡಲು ಹೇಳಿ. ತಿರುಗುವ ಬಿಟ್ಟಿಗೆ ಅದರ ತುದಿ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.