ಒರಿಗಾಮಿ ಕೊಕ್ಕರೆಯ ಕುತ್ತಿಗೆ ಹರಿಯುತ್ತಿದೆ, ಏನು ಮಾಡಲಿ?

ಕೇಳಿದವರು: ಆಗಸ್ಟ್ 6ರ ಹಿರೋಶಿಮಾ ದಿನಕ್ಕೆ ಮಗಳ ತರಗತಿಯವರೆಲ್ಲ ಕಾಗದದ ಕೊಕ್ಕರೆ ಮಾಡಬೇಕಂತೆ. ಮನೆಯಲ್ಲಿದ್ದ ಎ4 ಹಾಳೆಯಲ್ಲಿ ಮಾಡಿದರೆ ಕುತ್ತಿಗೆ ಹತ್ತಿರ ಹರಿಯುತ್ತದೆ, ಕೊಕ್ಕು ಮೊಂಡಾಗುತ್ತದೆ. ಜಪಾನಿನ ಕಾಗದವೇ ಬೇಕಾ? ಮಾಡಿ ಗೊತ್ತಿರುವವರು ಹೇಳಿ.

ಕ್ರಾಫ್ಟ್ ಟೀಚರ್: ಕಾಗದ ದಪ್ಪ ಆಯ್ತು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ 80 ಗ್ರಾಂ ತೂಕ) ಇರುತ್ತದೆ. ಕುತ್ತಿಗೆ ಮಾಡುವ ಹೊತ್ತಿಗೆ ಪದರದ ಮೇಲೆ ಪದರ ಕೂತಿರುತ್ತದೆ, ಹರಿಯದೆ ಇನ್ನೇನು? ಅಂಗಡಿಯಲ್ಲಿ ಒರಿಗಾಮಿ ಪೇಪರ್ ಅಂತಲೇ ಕೇಳಿ. 15 ಸೆಂ.ಮೀ. ಚೌಕ, ಒಂದು ಕಡೆ ಬಣ್ಣ, ಇನ್ನೊಂದು ಕಡೆ ಬಿಳಿ. ಮಿಂಚುವ ಫಾಯಿಲ್ ಕಾಗದ ಈಗಲೇ ಬೇಡ. ತಪ್ಪು ಗೆರೆ ಬಿದ್ದರೆ ಹೋಗುವುದೇ ಇಲ್ಲ.

ಹವ್ಯಾಸಿ: ಟೀಚರ್ ಹೇಳಿದ್ದು ಸರಿ. ಆದರೆ ಕೊಕ್ಕು ಮೊಂಡಾಗುವುದಕ್ಕೆ ಕಾರಣ ಬೇರೆ. ನೀವು ಕತ್ತರಿಸಿದ ಚೌಕ ನಿಜವಾಗಿ ಚೌಕವಾ ನೋಡಿ. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೂ ಕೊನೆಗೆ ತುದಿಯಲ್ಲಿ ಬಂದು ಕೂರುತ್ತದೆ. ಇನ್ನೊಂದು, ಕುತ್ತಿಗೆ ಮತ್ತು ಬಾಲ ಆಗುವ ಎರಡು ಕಾಲುಗಳನ್ನು ಸಣ್ಣಗೆ ಮಾಡಲು ಅಂಚನ್ನು ನಡುಗೆರೆಗೆ ತರುತ್ತೀರಲ್ಲ, ಅಲ್ಲಿ ಗೆರೆಗೆ ತಾಗಿಸಬೇಡಿ. ಕೂದಲೆಳೆಯಷ್ಟು ಜಾಗ ಬಿಡಿ. ಆ ಕಾಲು ಆಮೇಲೆ ಉದ್ದಕ್ಕೆ ಇನ್ನೊಮ್ಮೆ ಮಡಚಿಕೊಳ್ಳಬೇಕು. ಜಾಗ ಇಲ್ಲದಿದ್ದರೆ ಅಂಚು ಅಲ್ಲೇ ಮುದುಡಿ ಹರಿಯುತ್ತದೆ.

ಇಬ್ಬರು ಮಕ್ಕಳ ಅಮ್ಮ: ದುಡ್ಡು ಕೊಟ್ಟೇ ತರಬೇಕು ಅಂತೇನಿಲ್ಲ. ಆ ದಿನ ಕೊಕ್ಕರೆ ಮಾಡುವುದು ಸಡಾಕೊ ಸಸಾಕಿಯ ನೆನಪಿಗೆ ಅಲ್ವಾ? ಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ. 1955ರಲ್ಲಿ, 12ನೇ ವಯಸ್ಸಿಗೆ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದದಲ್ಲೂ ಕೊಕ್ಕರೆ ಮಡಚುತ್ತಿದ್ದಳು. ಗಿಫ್ಟ್ ಸುತ್ತಿ ಬಂದ ತೆಳು ಕಾಗದ, ಬಣ್ಣದ ಮ್ಯಾಗಜಿನ್ ಪುಟ ಧಾರಾಳ ಸಾಕು. ದಿನಪತ್ರಿಕೆ ಮಾತ್ರ ಬೇಡ. ತೆಳುವೇನೋ ಹೌದು, ಗೆರೆಯ ಮೇಲೇ ಬಿಟ್ಟುಕೊಳ್ಳುತ್ತದೆ.

ಕ್ರಾಫ್ಟ್ ಟೀಚರ್: ಅದೂ ಸರಿ, ಒಪ್ಪಿದೆ. ಆದರೆ ಮಕ್ಕಳು ಜಾಸ್ತಿ ಒದ್ದಾಡುವುದು ಕುತ್ತಿಗೆಯಲ್ಲಲ್ಲ. ಹಾಳೆ ಮಡಚಿ ಚಿಕ್ಕ ಚೌಕ ಆದ ಮೇಲೆ, ಮೇಲಿನ ಒಂದೇ ಪದರ ಎತ್ತಿ ಉದ್ದನೆಯ ವಜ್ರದ ಆಕಾರಕ್ಕೆ ತರಬೇಕಲ್ಲ, ಅಲ್ಲಿ. ಸುಮ್ನೆ ಎಳೆದರೆ ಬರುವುದಿಲ್ಲ. ಎರಡು ಪಕ್ಕದ ಗೆರೆ, ತಲೆ ಕಡೆಯ ಅಡ್ಡಗೆರೆ, ಮೂರನ್ನೂ ಮೊದಲೇ ಮಡಚಿ, ಉಗುರಿನಿಂದ ತಿಕ್ಕಿ, ಬಿಚ್ಚಿಸಿ. ಆಮೇಲೆ ಎತ್ತಿದರೆ ತಾನಾಗಿಯೇ ಕೂರುತ್ತದೆ. ವಿಡಿಯೊಗಿಂತ ಚಿತ್ರ ನೋಡಿ ಕಲಿಸುವುದು ವಾಸಿ. ಬರೀ ಗೀಟುಗಳ ಸಾಲು ಇದ್ದರೆ ನಿಮ್ಮ ಕಡೆಗೆ ಮಡಚಬೇಕು, ಗೀಟಿನ ನಡುವೆ ಚುಕ್ಕಿ ಇದ್ದರೆ ಹಿಂದಕ್ಕೆ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜಾವಾ ರೂಢಿಗೆ ತಂದ ಗುರುತುಗಳಿವು, ಯಾವ ದೇಶದ ಪುಸ್ತಕ ತೆಗೆದರೂ ಹೆಚ್ಚುಕಡಿಮೆ ಇವೇ ಇರುತ್ತವೆ.